ದಿಂಬಿನ ಎತ್ತರದ ಕಿಟಕಿ

ಮೂವತ್ತೊಂದು ವರ್ಷ ಅವನು ಮಾಡಿದ್ದು ಒಂದೇ ಕೆಲಸ, ತೂತಿಲ್ಲದ ಪೆಟ್ಟಿಗೆ ಕಟ್ಟುವುದು. ಹಾಲು, ಮೀನು, ಐಸ್‌ಕ್ರೀಮು ಸಾಗಿಸುವ ಲಾರಿಗಳ ಬೆನ್ನ ಮೇಲೆ ಕೂರುವ ತಂಪು ಪೆಟ್ಟಿಗೆಗಳು. ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ಪ್ಲೈವುಡ್, ನಡುವೆ ಎರಡಂಗುಲ ಫೋಮು. ಸೂಜಿ ತೂರುವಷ್ಟು ಸಂದಿ ಬಿಟ್ಟರೂ ಬಿಸಿಲು ನುಗ್ಗಿ ಹಾಲು ಒಡೆಯುತ್ತದೆ ಅನ್ನುವುದು ಅವನ ಮಂತ್ರ. ಶೆಡ್ಡಿನವರೆಲ್ಲ ಅವನನ್ನು ಪೆಟ್ಟಿಗೆ ಮೇಸ್ತ್ರಿ ಎನ್ನುತ್ತಿದ್ದರು. ಕೆಲಸ ಬಿಟ್ಟ ಮೇಲೂ ಹೆಸರು ಅವನನ್ನು ಬಿಡಲಿಲ್ಲ.

ಅಂಥವನು ಕಾರಿನ ಹಿಂದೆ ಎಳೆದೊಯ್ಯುವ ಗಾಲಿಮನೆ ಕಟ್ಟಲು ಕೂತದ್ದು ಹೆಂಡತಿಗಾಗಿ. ಮೂರು ವರ್ಷದ ಹಿಂದೆ ಅವಳು ಮೆಟ್ಟಿಲು ಜಾರಿ ಬಿದ್ದು, ಬೆನ್ನುಮೂಳೆ ಮುರಿದುಕೊಂಡು ಎಂಟು ತಿಂಗಳು ಹಾಸಿಗೆ ಹಿಡಿದಿದ್ದಳು. ಈಗ ಓಡಾಡುತ್ತಾಳೆ, ಆದರೆ ಒಂದು ಗಂಟೆ ಕೂತರೆ ಒಂದು ಗಂಟೆ ಮಲಗಲೇಬೇಕು. ಇಡೀ ದಿನದ ದಾರಿಯಾಚೆ ಇರುವ ಅಕ್ಕನ ಮುಖವನ್ನು ಅಂದಿನಿಂದ ನೋಡಿಲ್ಲ. ಅಕ್ಕನಿಗೆ ಎಪ್ಪತ್ತು ದಾಟಿದೆ, ಇನ್ನು ನಾಳೆ ನಾಡಿದ್ದು ಎಂದು ಮುಂದೂಡುವ ಹಾಗಿಲ್ಲ. ಗಂಟೆಗೊಮ್ಮೆ ನಿಂತು ಬೆನ್ನು ಚಾಚಲು ಮನೆಯನ್ನೇ ಹಿಂದೆ ಕಟ್ಟಿಕೊಂಡು ಹೋಗೋಣವೆಂದು ಮೇಸ್ತ್ರಿ ತೀರ್ಮಾನಿಸಿದ.

ಒಂಬತ್ತು ವಾರದಲ್ಲಿ ಗಾಲಿಮನೆ ಎದ್ದು ನಿಂತಿತು. ಹಿಂದೊಂದು ಬಾಗಿಲು, ಅಷ್ಟೇ. ಹೆಂಡತಿ ಒಳಗಿನ ಮಂಚದ ಮೇಲೆ ಮಲಗಿದಳು. ಮೇಸ್ತ್ರಿ ತಾನೂ ಒಳಗೆ ಬಂದು ಬಾಗಿಲೆಳೆದುಕೊಂಡ. ಬೀದಿಯ ಸದ್ದೆಲ್ಲ ತಟ್ಟನೆ ನಿಂತಿತು. ಅವನ ಎದೆ ಉಬ್ಬಿತು. ಎರಡೇ ನಿಮಿಷಕ್ಕೆ ಅವಳು ಎದ್ದು ಕೂತಳು.

"ರೀ, ನನ್ನನ್ನೇನು ಹಾಲಿನ ಪ್ಯಾಕೆಟ್ ಅಂದ್ಕೊಂಡ್ರಾ? ಕೆಟ್ಟು ಹೋಗ್ಬಾರ್ದು ಅಂತ ಇಲ್ಲಿಟ್ಟು ಮುಚ್ತೀರಾ?"

"ಗಾಳಿಗೆ ಮೇಲೆ ಫ್ಯಾನ್ ಇದೆಯಲ್ಲೇ."

"ಮೂಗಿಗೆ ಗಾಳಿ ಆಯ್ತು, ಕಣ್ಣಿಗೆ? ಕಿಟಕಿ ಇಲ್ದೆ ನಾನು ಇದರಲ್ಲಿ ಬರಲ್ಲ. ಅಕ್ಕನ ಹತ್ರ ಫೋನಲ್ಲೇ ಮಾತಾಡ್ಕೋತೀನಿ."

ಹೇಳಿದ್ದು ನಗುತ್ತಲೇ. ಆದರೆ ನಗುತ್ತ ಹೇಳಿದ್ದನ್ನು ಅವಳು ಎಂದೂ ಬದಲಿಸಿದವಳಲ್ಲ.

ತಾನು ಕಟ್ಟಿದ ಗೋಡೆಗೆ ತಾನೇ ಗರಗಸ ಹಾಕಲು ಮೇಸ್ತ್ರಿಗೆ ಮನಸ್ಸಾಗಲಿಲ್ಲ. ಎರಡು ದಿನ ಅಳೆದೂ ಸುರಿದೂ ನೋಡಿದ. ಮೂರನೆಯ ದಿನ ಹೆಂಡತಿಯನ್ನು ಮಂಚದ ಪಕ್ಕ ನಿಲ್ಲಿಸಿ, ಅವಳ ಕಣ್ಣಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೀಟೆಳೆದ. ಒಳಗಿನಿಂದ ನಾಲ್ಕು ಮೂಲೆಗೂ ಡ್ರಿಲ್ ತೂರಿಸಿ ಹೊರಗಡೆ ಗುರುತು ಮಾಡಿಕೊಂಡ. ತಗಡಿಗೆ ಗೀರು ಬೀಳದಂತೆ ಕಾಗದದ ಟೇಪು ಅಂಟಿಸಿದ. ಪ್ಲೈವುಡ್ಡನ್ನು ಒಳಗಿನಿಂದ, ತಗಡನ್ನು ಹೊರಗಿನಿಂದ ಕೊಯ್ದ. ನಡುವಿನ ಫೋಮಿಗೆ ಗರಗಸ ಎಟುಕದೆ, ಅಡುಗೆಮನೆಯಿಂದ ಬ್ರೆಡ್ ಕೊಯ್ಯುವ ಚಾಕು ಬಂತು. ಅಂಚಿನ ಫೋಮನ್ನು ಒಂದಂಗುಲ ಕೆರೆದು ಮರದ ಪಟ್ಟಿ ಕೂರಿಸಿದ. ಇಲ್ಲದಿದ್ದರೆ ಕಿಟಕಿಯ ಚೌಕಟ್ಟಿಗೆ ಸ್ಕ್ರೂ ಬಿಗಿದಾಗ ಗೋಡೆ ಅಮುಕಿಹೋಗುತ್ತದೆ. ಅದರ ಮೇಲೆ ಗಾಜಿನ ಕಿಟಕಿ ಕೂರಿಸಿದ. ಕೆಲಸದಲ್ಲಿ ಅವನಿಗೆ ಅವನೇ ಸಾಟಿ.

ಹೆಂಡತಿ ಮಲಗಿ ನೋಡಿ "ಚೆನ್ನಾಗಿದೆ" ಎಂದಳು. ಮೂವತ್ತೆಂಟು ವರ್ಷ ಸಂಸಾರ ಮಾಡಿದವನಿಗೆ ಗೊತ್ತಿರುವುದಿಲ್ಲವೇ? ಉಪ್ಪಿಲ್ಲದ ಅಡುಗೆಗೆ ಹೇಳುವ "ಚೆನ್ನಾಗಿದೆ" ಅದು. ವಾರ ಕಳೆದರೂ ಅವಳು ಅಕ್ಕನಿಗೆ ಹೊರಡುವ ದಿನ ತಿಳಿಸಲಿಲ್ಲ, ಚೀಲಕ್ಕೆ ಒಂದು ಬಟ್ಟೆಯನ್ನೂ ಹಾಕಲಿಲ್ಲ.

ಎದುರು ಮನೆಯ ದರ್ಜಿ ಒಂದು ಬೆಳಿಗ್ಗೆ ಗಾಲಿಮನೆ ನೋಡಲು ಬಂದ. ಕಿಟಕಿಯ ಅಂಚು ಸವರಿ ಕೇಳಿದ, "ಅಳತೆ ಹೇಗೆ ತಗೊಂಡ್ರಿ ಮೇಸ್ತ್ರಿ?"

"ಅವಳನ್ನ ನಿಲ್ಲಿಸಿ ತಗೊಂಡೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲ."

"ನಿಲ್ಲಿಸಿಯಾ? ನಾವು ಪ್ಯಾಂಟಿಗೆ ಅಳತೆ ತಗೊಂಡ್ಮೇಲೂ ಒಂದ್ಸಲ ಕೂತ್ಕೊಳ್ಳಿ ಸ್ವಾಮಿ ಅಂತೀವಪ್ಪ. ನಿಂತಾಗ ಸರಿ ಇದ್ದದ್ದು ಕೂತಾಗ ಹರಿದ್ರೆ ಮಾನ ಹೋಗೋದು ಯಾರದ್ದು?"

ದರ್ಜಿ ತನ್ನ ಮಾತಿಗೆ ತಾನೇ ನಕ್ಕು ಹೊರಟುಹೋದ. ಮೇಸ್ತ್ರಿಗೆ ನಗು ಬರಲಿಲ್ಲ. ಒಳಗೆ ಹೋಗಿ ಹೆಂಡತಿಯ ಜಾಗದಲ್ಲಿ ಮಲಗಿದ. ಕಿಟಕಿಯಲ್ಲಿ ಅಂಗೈಯಗಲ ಬಿಳಿ ಆಕಾಶ ಬಿಟ್ಟರೆ ಏನೂ ಇಲ್ಲ. ಮಗ್ಗುಲಾದ. ಮೂಗಿನ ಮುಂದೆ ಬರೀ ಪ್ಲೈವುಡ್.

ಆಗ ಆ ಎಂಟು ತಿಂಗಳು ನೆನಪಾದವು. ಬಿದ್ದುಬಿಟ್ಟಾಳೆಂದು ಮಂಚವನ್ನು ಗೋಡೆಗೆ ಒತ್ತಿ ಹಾಕಿದ್ದವನು ಅವನೇ. ಡಾಕ್ಟರು ಬಲಮಗ್ಗುಲಿಗೇ ಮಲಗಿಸಿ ಎಂದಿದ್ದರು, ಬಲಕ್ಕೆ ಗೋಡೆ. ಬೆಳಿಗ್ಗೆ ಉಣಿಸಿ, ಹೊದಿಸಿ ಶೆಡ್ಡಿಗೆ ಹೋದರೆ ಮತ್ತೆ ಬರುತ್ತಿದ್ದದ್ದು ಸಂಜೆಗೆ. ಒಂದು ದಿನವಾದರೂ ಅವಳ ಕಣ್ಣೆದುರು ಏನಿದೆ ಎಂದು ನೋಡಿರಲಿಲ್ಲ. ಲೋಕದ ಹಾಲು ಮೀನು ಕೆಡದ ಹಾಗೆ ಕಾದವನಿಗೆ ತನ್ನ ಮನೆಯ ಗೋಡೆ ಕಂಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

ಎದ್ದು ಅಡುಗೆಮನೆಗೆ ಬಂದ. "ಆಗ ಮಲಗಿದ್ದಾಗ ನಿನಗೆ ಏನು ಕಾಣ್ತಿತ್ತೇ?"

"ಗೋಡೆ. ಬಣ್ಣದಲ್ಲೊಂದು ಬಿರುಕಿತ್ತು. ಹನ್ನೊಂದು ಕವಲು."

"ಹೇಳ್ಬಾರ್ದಿತ್ತಾ?"

"ದಣಿದು ಬರ್ತಿದ್ರಿ, ಬಂದ್ಮೇಲೂ ನನ್ನ ಚಾಕರಿ. ಅದರ ಮೇಲೆ ಇದೊಂದು ದೂರು ಯಾಕೆ ಅಂತ ಸುಮ್ನಾದೆ."

ಮೇಸ್ತ್ರಿ ಅವಳನ್ನು ಗಾಲಿಮನೆಗೆ ಕರೆದೊಯ್ದು ಮಂಚದ ಮೇಲೆ ಮಲಗಿಸಿ, ಪೆನ್ಸಿಲ್ಲನ್ನು ಅವಳ ಕೈಗೇ ಕೊಟ್ಟ. ಅವಳು ದಿಂಬಿಗೆ ತಲೆಯಿಟ್ಟು, ಮಗ್ಗುಲಾಗಿ, ತನಗೆ ಬೇಕಾದಷ್ಟು ಗೋಡೆಯ ಮೇಲೆ ಗೀಚಿದಳು. ಗೆರೆ ಸೊಟ್ಟಸೊಟ್ಟ. ಅವಳ ಗೆರೆ ಒಂದಿಷ್ಟೂ ಹೊರಗುಳಿಯದ ಹಾಗೆ ಅವನು ಅದರ ಸುತ್ತ ನೇರ ಗೀಟೆಳೆದ.

ಪ್ಲೈವುಡ್ ತೆಗೆದ, ಫೋಮು ಕೊಯ್ದ. ಉಳಿದದ್ದು ಹೊರಗಿನ ತಗಡು.

"ಏಳು ಕಣೇ, ಪುಡಿ ಬೀಳುತ್ತೆ."

"ಬೀಳ್ಲಿ ಬಿಡಿ. ಮುಸುಕು ಹಾಕ್ಕೋತೀನಿ."

ಮೇಸ್ತ್ರಿ ಹೊರಗೆ ಮಣ್ಣಿನಲ್ಲಿ ಮೊಣಕಾಲೂರಿ ಗರಗಸ ಓಡಿಸಿದ. ನಾಲ್ಕನೆಯ ಬದಿ ಮುಗಿದಾಗ ತಗಡನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಹೊರಗೆಳೆದ. ಒಳಗೆ ಅವಳು ಮುಸುಕು ಸರಿಸಿದಳು. ಇಬ್ಬರ ಮುಖದ ನಡುವೆ ಒಂದು ಮೊಳವೂ ಇರಲಿಲ್ಲ. ಅವನ ಹುಬ್ಬಿನ ತುಂಬ ಫೋಮಿನ ಪುಡಿ.

ಅವಳು ಕೈ ಚಾಚಿ ಅದನ್ನು ಒರೆಸಿದಳು.

"ಈಗ ಕಾಣ್ತೀರಿ ನೋಡಿ" ಎಂದಳು. ಆಮೇಲೆ, "ಅಕ್ಕನಿಗೆ ಫೋನ್ ಮಾಡಿ, ಭಾನುವಾರ ಹೊರಡ್ತೀವಿ ಅಂತ ಹೇಳಿ."