ಅಪ್ಪನ ಪರವಾಗಿ ಮಗಳು ವಾದಿಸಿದ ಸಂಜೆ

ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜ್‌ನ ಕನ್ನಡ ಮನೆಗಳವರು ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್‌ಗೆ ನಾನು ಬಿಸಿಬೇಳೆಬಾತು ತೆಗೆದುಕೊಂಡು ಹೋದರೆ, ಬಾಗಿಲು ತೆರೆದವರು ಮೊದಲು ನೋಡುವುದು ಪಾತ್ರೆ ಹಿಡಿದ ಕೈಯನ್ನಲ್ಲ, ಇನ್ನೊಂದು ಕೈಯನ್ನು. ಅದರಲ್ಲಿ ಕರಪತ್ರವೇನಾದರೂ ಇದೆಯೇ ಎಂಬ ಆತಂಕ ಅವರದು. ಆತಂಕ ನಿರಾಧಾರವೇನಲ್ಲ. ಲೈಬ್ರರಿ ಭಾನುವಾರ ಸಂಜೆಯೂ ತೆರೆದಿರಬೇಕೆಂದು, ಉದುರಿದ ಎಲೆಗಳನ್ನು ಚೀಲಕ್ಕೆ ತುಂಬಿ ಬೀದಿಗಿಡದೆ ಗೊಬ್ಬರ ಮಾಡಬೇಕೆಂದು ನಾನು ಸಹಿ ಸಂಗ್ರಹಿಸಿದ್ದು ಊಟದ ಸಾಲಿನಲ್ಲೇ. ಕೈಯಲ್ಲಿ ತಟ್ಟೆ ಹಿಡಿದ ಮನುಷ್ಯ ಓಡಿಹೋಗಲಾರ. ಸಮಾಜವನ್ನು ತಿದ್ದಹೊರಟವರಿಗೆ ಇಷ್ಟಾದರೂ ಗೊತ್ತಿರಬೇಕು.

ಆ ವರ್ಷದ ಕರಪತ್ರ ಡ್ಯುಯಲ್ ಎನ್‌ರೋಲ್‌ಮೆಂಟ್ ಕುರಿತದ್ದು. ಹೈಸ್ಕೂಲಿನ ವಿದ್ಯಾರ್ಥಿ ಹೈಸ್ಕೂಲಿನಲ್ಲಿ ಇದ್ದುಕೊಂಡೇ ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಹೋಗಿ ಒಂದೆರಡು ಕೋರ್ಸು ಓದಬಹುದು. ಪಾಸಾದರೆ ಅದೇ ಕೋರ್ಸು ಹೈಸ್ಕೂಲಿನ ಲೆಕ್ಕಕ್ಕೂ ಸೇರುತ್ತದೆ, ಮುಂದಿನ ಪದವಿಗೂ ಕ್ರೆಡಿಟ್ಟಾಗಿ ಒದಗಬಹುದು. ನನ್ನನ್ನು ಸೆಳೆದದ್ದು ಕ್ರೆಡಿಟ್ಟಿಗಿಂತ ಹೆಚ್ಚಾಗಿ ಆ ತರಗತಿಯ ಚಿತ್ರ. ಹದಿನಾರರ ಮಗು, ಆಸ್ಪತ್ರೆಯ ಪಾಳಿ ಮುಗಿಸಿ ಬಂದ ಸಹಾಯಕಿಯ ಪಕ್ಕ ಕೂರುತ್ತದೆ. ಆಚೆ ಬದಿಗೆ, ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿ ಈಗ ಓದಲು ಬಂದ ತಾಯಿ. ಕಲಿಕೆಗೆ ಇಂತಿಷ್ಟೇ ವಯಸ್ಸು, ಇಂಥದೇ ಕಟ್ಟಡ ಎಂಬ ಕಟ್ಟಳೆ ಅಲ್ಲಿ ಸದ್ದಿಲ್ಲದೆ ಸಡಿಲವಾಗುತ್ತದೆ. ನಮ್ಮ ಹೈಸ್ಕೂಲು ಇದಕ್ಕೆ ಅನುಮತಿ ನೀಡಿತ್ತು. ಆದರೆ ಮಧ್ಯಾಹ್ನ ಮಕ್ಕಳನ್ನು ಅಲ್ಲಿಗೆ ಒಯ್ಯುವ ಬಸ್ಸಿರಲಿಲ್ಲ. ಬಸ್ಸು ಬೇಕೆಂಬುದು ನನ್ನ ಬೇಡಿಕೆ.

ನಮ್ಮವರಿಗೆ ಬಸ್ಸಿನ ಚಿಂತೆಯೇ ಇರಲಿಲ್ಲ. ಅವರ ತಕರಾರು ಕಮ್ಯುನಿಟಿ ಕಾಲೇಜು ಎಂಬ ಹೆಸರಿನ ಮೇಲೆ. ಕರಪತ್ರ ಓದಿದ ವೈದ್ಯರೊಬ್ಬರು ರೋಗಿಯ ಮನೆಯವರನ್ನು ಬದಿಗೆ ಕರೆಯುವ ದನಿಯಲ್ಲಿ ಕೇಳಿದರು: "ಕಮ್ಯುನಿಟಿ ಕಾಲೇಜಾ? ಯಾಕೆ, ಮಗೂಗೆ ಏನಾದ್ರೂ ಪ್ರಾಬ್ಲಮ್ಮಾ?"

ಕೈ ಚಾಚಿ ಕರಪತ್ರವನ್ನು ತಾನೇ ಕೇಳಿ ಪಡೆದವಳು ಒಬ್ಬಳೇ. ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿ, ಹನ್ನೊಂದನೆಯ ತರಗತಿಯವಳು.

ಈ ಹುಡುಗಿಯನ್ನು ಊರಿನ ಕನ್ನಡಿಗರೆಲ್ಲ ಬಲ್ಲರು, ಕರಿಬೇವಿನ ಕಾರಣಕ್ಕೆ. ಚಳಿ ಶುರುವಾದೊಡನೆ ಹೊರಗಿನ ಕರಿಬೇವಿನ ಕುಂಡಗಳನ್ನು ಒಳಗೆ ತರುವುದು ಇಲ್ಲಿನ ನಮ್ಮ ಮನೆಗಳಲ್ಲಿ ಹಬ್ಬದಷ್ಟೇ ನಿಯಮಿತವಾದ ಆಚರಣೆ. ಒಳಗೆ ಬಂದ ಗಿಡ ಎಲೆ ಉದುರಿಸಿ ಕಡ್ಡಿಯಾಗಿ ನಿಲ್ಲುವುದೂ ಅಷ್ಟೇ ನಿಯಮಿತ. ಆಗ ಎಲ್ಲರೂ ಕುಂಡ ಹೊತ್ತು ಇವಳಲ್ಲಿಗೆ ಬರುತ್ತಾರೆ. ಅವರ ಮನೆಯ ಬಿಸಿಲು ತುಂಬುವ ಸನ್‌ರೂಮು ಆ ದಿನಗಳಲ್ಲಿ ಕರಿಬೇವಿನ ಆಸ್ಪತ್ರೆ. ಹತ್ತಿರದ ಮಾರಿಸ್‌ಟೌನ್‌ನಲ್ಲಿ ದೊಡ್ಡ ಕೆಲಸದಲ್ಲಿರುವ ಗಂಡಸರು ಅವಳೆದುರು ನಿಂತು, "ಬದುಕುತ್ತೇನಮ್ಮಾ?" ಎಂದು ಕೇಳುವುದನ್ನು ನಾನೇ ನೋಡಿದ್ದೇನೆ.

ಕಮ್ಯುನಿಟಿ ಕಾಲೇಜಿನಲ್ಲಿ ಗಿಡ ಮತ್ತು ಮಣ್ಣಿನ ಕುರಿತು ಒಂದು ಕೋರ್ಸಿತ್ತು. ಪಾಠದ ಬಹುಪಾಲು ಅಲ್ಲಿನ, ಗಿಡ ಬೆಳೆಸುವ ಗಾಜಿನ ಮನೆಯಲ್ಲಿ. ಅವಳಿಗೆ ಅದು ಬೇಕಿತ್ತು. ಶುಕ್ರವಾರದೊಳಗೆ ಹೆಸರು ನೋಂದಾಯಿಸಬೇಕು, ಅದಕ್ಕೆ ಪೋಷಕರ ಸಹಿ ಬೇಕು, ಮನೆಯಲ್ಲಿ ಇಂಥ ಸಹಿ ಮಾಡುವವರು ಅವಳಪ್ಪ, ಮತ್ತು ಅಪ್ಪ ಒಪ್ಪಿರಲಿಲ್ಲ.

ಅಪ್ಪನ ಬಗ್ಗೆ ಸ್ವಲ್ಪ ಹೇಳಬೇಕು. ಧಾರವಾಡದ ಕಡೆಯವರು, ಔಷಧ ಕಂಪನಿಯೊಂದರಲ್ಲಿ ಇಂಜಿನಿಯರು. ನಾನು ಮೈಸೂರಿನಲ್ಲಿ ಅಂತರಕಾಲೇಜು ಚರ್ಚಾಸ್ಪರ್ಧೆಗಳ ಹಿಂದೆ ಅಲೆಯುತ್ತಿದ್ದ ಕಾಲಕ್ಕೆ ಅವರೂ ತಮ್ಮ ಕಡೆ ಅದೇ ಹುಚ್ಚಿನಲ್ಲಿದ್ದರು. ಪ್ರತಿ ಕಾಲೇಜಿನಿಂದ ಇಬ್ಬರು, ವಿಷಯದ ಪರವಾಗಿ ಒಬ್ಬರು, ವಿರೋಧವಾಗಿ ಒಬ್ಬರು. ಇಬ್ಬರೂ ಚೆನ್ನಾಗಿ ಮಾತಾಡಿದರಷ್ಟೇ ಕಾಲೇಜಿಗೆ ಪಾರಿತೋಷಕ. ನಾನು ಯಾವಾಗಲೂ ಪರ, ಅವರು ಯಾವಾಗಲೂ ವಿರೋಧ. ನಾವು ಆಗ ಎಂದೂ ಎದುರಾಗಲಿಲ್ಲ. ಆ ಕೊರತೆಯನ್ನು ನ್ಯೂಜೆರ್ಸಿಯಲ್ಲಿ ತುಂಬಿಕೊಂಡೆವು. ಇವತ್ತು ಬಿಸಿಲು ಚೆನ್ನಾಗಿದೆ ಎಂದರೂ ಅವರು, "ಸಂಜೀ ತನಕಾ ತಡೀರಲ್ಲಾ" ಎನ್ನುವವರು.

ಮಂಗಳವಾರ ಸಂಜೆ ನಾನು ಪೂರ್ಣ ಸಿದ್ಧತೆಯೊಂದಿಗೆ ಅವರ ಮನೆಗೆ ಹೋದೆ. ಅವರ ಹೆಂಡತಿ ನನ್ನ ಊರಿನವರೇ; ಕಾಫಿ ಕೊಟ್ಟು, "ನೀವೇ ಸ್ವಲ್ಪ ಹೇಳಿ ಅಕ್ಕ, ನಾನ್ ಹೇಳಿದ್ರೆ ಟಿವಿ ಸೌಂಡ್ ಜಾಸ್ತಿ ಮಾಡ್ತಾರೆ" ಎಂದರು.

ನಾನು ಶಿಕ್ಷಣದ ಉದ್ದೇಶದಿಂದ ಆರಂಭಿಸಿ, ಪ್ರಜಾಪ್ರಭುತ್ವದ ಮೇಲೆ ಹಾದು, ಗಾಜಿನ ಮನೆಗೆ ಬಂದೆ. ಅವರು ಕಣ್ಣು ಮುಚ್ಚಿ, ಒಳ್ಳೆಯ ಸಂಗೀತ ಕೇಳುವವರಂತೆ ತಲೆದೂಗುತ್ತ ಕೇಳಿದರು.

"ಅಕ್ಕಾರ, ನಿಮ್ಮ ವಾದ ಬರೋಬ್ಬರಿ ಅದ."

"ಹಾಗಾದ್ರೆ ಒಪ್ಪಿದ್ರಾ?"

"ಒಪ್ಪೂದಿಲ್ಲ. ಅಲ್ರೀ, ಸಮುದ್ರ ದಾಟಿ ಇಲ್ಲೀತನಕಾ ಬಂದಿದ್ದು ಮಗಳು ಹೂಕುಂಡಕ್ಕ ಕ್ರೆಡಿಟ್ ತಗೊಳ್ಳಿ ಅಂತೇನು? ಹೈಸ್ಕೂಲಿನಾಗ ಎಪಿ ಬಯಾಲಜಿ ಅದ, ಅದೂ ಕಾಲೇಜ್ ಮಟ್ಟದ್ದ, ಅದನ್ನ ಓದ್ಲಿ. ಹದಿನಾರ ವರ್ಷಕ್ಕ ಕಾಲೇಜು ಯಾಕ?"

"ನೀವು ಹದಿನಾರಕ್ಕೆ ಕಾಲೇಜಿಗೆ ಹೋಗಿರ್ಲಿಲ್ವಾ?" ಅಡುಗೆಮನೆಯಿಂದ ಹೆಂಡತಿ.

"ಅದು ಪಿಯುಸಿ!"

"ಕಾಲೇಜಿಗೆ ಹೋಗ್ತೀನಿ ಅಂತ ಹೊಸ ಬೆಲ್‌ಬಾಟಮ್ ಹೊಲಿಸ್ಕೊಂಡಿದ್ರಿ ಅಂತ ನಿಮ್ಮಕ್ಕ ಹೇಳ್ತಿದ್ರು."

ಟಿವಿಯ ಸದ್ದು ಜಾಸ್ತಿಯಾಯಿತು. ನಾನು ಕಾಫಿ ಮುಗಿಸಿ ಎದ್ದೆ.

ಮರುದಿನ ಹುಡುಗಿ ನಮ್ಮ ಮನೆಯ ಕರಿಬೇವನ್ನು ವಾಪಸು ಕೊಡಲು ಬಂದಳು. ಗಿಡದಲ್ಲಿ ಕೆಂಪು ಚಿಗುರು ಕಾಣಿಸಿತ್ತು. ಅವಳ ಮುಖ ಮಾತ್ರ ಬಾಡಿತ್ತು. "ಆಂಟಿ, ಯೂ ಮೇಡ್ ಇಟ್ ವರ್ಸ್. ಈಗ ಅವರಿಗೆ ಇನ್ನೂ ಹೊಸ ಪಾಯಿಂಟ್ಸ್ ಸಿಕ್ಕಿದೆ."

ಅವಳನ್ನು ಕೂರಿಸಿ, ಚರ್ಚಾಸ್ಪರ್ಧೆಗೆ ನಮ್ಮನ್ನು ಸಿದ್ಧಗೊಳಿಸುತ್ತಿದ್ದ ಮೇಷ್ಟ್ರ ಪದ್ಧತಿಯನ್ನು ಹೇಳಿದೆ. ಸ್ಪರ್ಧೆಯ ಹಿಂದಿನ ದಿನ ಅವರು ನಮ್ಮಿಬ್ಬರ ಪಕ್ಷಗಳನ್ನು ಅದಲುಬದಲು ಮಾಡಿಬಿಡುತ್ತಿದ್ದರು. ಪರ ಮಾತಾಡಬೇಕಾದವಳು ಕಾಲೇಜಿನ ಜಗಲಿಯಲ್ಲಿ ನಿಂತು ವಿರೋಧ ಮಾತಾಡಬೇಕು, ಅದೂ ಎದುರಾಳಿ ಇನ್ನೊಂದು ವಾಕ್ಯ ಸೇರಿಸಲಾಗದಷ್ಟು ಚೆನ್ನಾಗಿ. ಅಣಕಿಸಿದರೆ ಮೊದಲಿಂದ ಶುರು.

"ನೀನು ನಿಮ್ಮಪ್ಪನ ಪರವಾಗಿ ಮಾತಾಡು" ಎಂದೆ. "ಅವರಿಗಿಂತ ಚೆನ್ನಾಗಿ."

ಅವಳು ಯೋಚಿಸಿದಳು. "ಈಸಂಟ್ ದಟ್ ಮ್ಯಾನಿಪ್ಯುಲೇಟಿವ್?"

"ನಟನೆ ಮಾಡಿದರೆ ಹೌದು. ನಿಜವಾಗಿ ಮಾಡಿದರೆ ಅಲ್ಲ. ಆದರೆ ಒಂದು ಅಪಾಯ ಇದೆ. ಹಾಗೆ ಮಾಡುವಾಗ ಅವರು ಹೇಳೋದೇ ಸರಿ ಅಂತ ನಿನಗೇ ಅನ್ನಿಸಿಬಿಡಬಹುದು. ಆಗ ಸೋಲಬೇಕಾಗತ್ತೆ."

ಗೆಲ್ಲುವ ಉಪಾಯ ಕೇಳಲು ಬಂದ ಮಗುವಿಗೆ ಸೋಲುವ ದಾರಿಯನ್ನೂ ತೋರಿಸುವುದು ಕ್ರೂರವೆನ್ನಿಸಬಹುದು. ಆದರೆ ವಾದದ ಘನತೆ ಇರುವುದು ಅಲ್ಲೇ ಎಂದು ನಾನು ಇಂದಿಗೂ ನಂಬುತ್ತೇನೆ. ಅವಳು ಕುಂಡದ ಕೆಳಗಿನ ತಟ್ಟೆಗೆ ಉದುರಿದ್ದ ಮಣ್ಣನ್ನು ಬೆರಳಲ್ಲಿ ಒಟ್ಟುಮಾಡಿ ಕುಂಡಕ್ಕೆ ಹಾಕಿ ಹೊರಟಳು.

ಗುರುವಾರ ಸಂಜೆ ನನಗೆ ಅಪ್ಪ-ಮಗಳ ಚರ್ಚೆಯ ಅಧ್ಯಕ್ಷತೆಗೆ ಆಹ್ವಾನ ಬಂತು. ಅವರ ಊಟದ ಮೇಜೇ ವೇದಿಕೆ. ಎಚ್ಚರಿಕೆಯ ಗಂಟೆಗೆ ಸ್ಟೀಲ್ ಲೋಟ ಮತ್ತು ಚಮಚ. ಅಪ್ಪ ಹುರುಪಿನಲ್ಲಿದ್ದರು, ಮಗಳು ಚರ್ಚೆಗೆ ಕರೆದದ್ದೇ ಅವರಿಗೆ ಹಬ್ಬ. ಉತ್ತರ ಕೊಡಲು ತೋಳು ಮಡಿಸಿ ಕೂತರು. ಹುಡುಗಿ ಎದ್ದು ನಿಂತು ಇಂಗ್ಲಿಷಿನಲ್ಲಿ, ತಾನು ಈ ಕೋರ್ಸಿಗೆ ಸೇರಬಾರದೆಂದು ವಾದಿಸಲಿದ್ದೇನೆ ಎಂದಳು. ಅಪ್ಪನ ಮಡಿಸಿದ ತೋಳು ಸಡಿಲವಾಯಿತು.

ಮೊದಲ ಮಾತುಗಳು ಅವರವೇ. ಎಪಿ ಬಯಾಲಜಿಯ ಹೆಸರು ಎಲ್ಲ ಕಡೆ ಗೊತ್ತು. ಕಾಲೇಜಿನಲ್ಲಿ ಪಡೆದ ಗ್ರೇಡು ಕೊನೆಯವರೆಗೂ ಹಿಂದೆ ಬರುತ್ತದೆ, ಕೆಟ್ಟರೆ ಅಳಿಸಲಾಗದು. ಹದಿನಾರಕ್ಕೆ ಒಬ್ಬಳೇ ಕಾರು ಓಡಿಸುವಂತಿಲ್ಲ, ಬಸ್ಸಿಲ್ಲ. ಅಮ್ಮ ದಿನಾ ಕೆಲಸಕ್ಕೆ ನ್ಯೂಯಾರ್ಕಿಗೆ ಹೋಗಿಬರುತ್ತಾರೆ. ಅಪ್ಪ ಒಂದೊಂದಕ್ಕೂ "ಕರೆಕ್ಟ್" ಎನ್ನುತ್ತಿದ್ದರು, ಆದರೆ ಪ್ರತಿ ಸಲವೂ ದನಿ ಇನ್ನಷ್ಟು ಇಳಿಯುತ್ತಿತ್ತು.

ಆಮೇಲೆ ಅವಳು ಅಪ್ಪ ಎಂದೂ ಆಡದ ಮಾತೊಂದನ್ನು ಆಡಿದಳು. ನನ್ನ ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಅಪ್ಪ ಪಾರ್ಟಿಗಳಲ್ಲಿ ಒಂದು ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಾರೆ. ಅಮೆರಿಕದ ಮೊದಲ ಇಂಟರ್‌ವ್ಯೂಗಳಲ್ಲಿ ಅವರ ಕಾಲೇಜಿನ ಹೆಸರು ಯಾರಿಗೂ ತಿಳಿದಿರಲಿಲ್ಲ. ಪ್ರತಿ ಸಲವೂ ಅದನ್ನು ಬಿಡಿಸಿ ಹೇಳಿ, ಅದು ನಿಜವಾದ ಕಾಲೇಜು ಎಂದು ನಂಬಿಸಿ, ಆಮೇಲೆ ತಮ್ಮ ಬಗ್ಗೆ ಹೇಳಬೇಕಿತ್ತು. ನಾನೂ ನಗುತ್ತಿದ್ದೆ. ನಿನ್ನೆ ಯೋಚಿಸಿದಾಗ ಅದು ನಗುವ ಕಥೆ ಅನ್ನಿಸಲಿಲ್ಲ. ತಮ್ಮ ಮಗಳು ಯಾರೆದುರೂ ತನ್ನ ಕಾಲೇಜನ್ನು ವಿವರಿಸುತ್ತ ನಿಲ್ಲಬಾರದು ಅಂತ ಅಪ್ಪನಿಗೆ ಆಸೆ. ಅದು ಸರಿಯಾದ ಆಸೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ."

ನಾನು ಲೋಟಕ್ಕೆ ಚಮಚ ತಾಗಿಸುವುದನ್ನು ಮರೆತೆ. ಅವಳು ಕೂತಳು. ಅಂಗೈಯಿಂದ ಕಣ್ಣೊರೆಸಿಕೊಂಡದ್ದು ವಾದದ ಭಾಗವಾಗಿರಲಿಲ್ಲ. ಸೋತೆ ಎಂದು ಅವಳು ನಿಜವಾಗಿ ನಂಬಿದ್ದಳು.

ಹೆಂಡತಿ ಹಪ್ಪಳದ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು, "ಈಗ ಪರ ಯಾರು ಮಾತಾಡೋದು? ನಿಮ್ಮ ಸರದಿ ರೀ" ಎಂದರು.

ಅವರು ಎದ್ದರು. ಹಳೆಯ ಅಭ್ಯಾಸ, ಕೈ ತಾನಾಗಿ ಅಂಗಿಯ ಗುಂಡಿಯನ್ನು ಸರಿಮಾಡಿತು. "ಮಾನ್ಯ ಅಧ್ಯಕ್ಷರ, ನನ್ನ ಎದುರಾಳಿ ಹೇಳಿದ್ದು ಖರೇ ಅದ. ಹೆಸರು ಬಿಡಿಸಿ ಹೇಳೂದು ಭಾಳ ತ್ರಾಸಿನ ಕೆಲಸ. ಆದ್ರ ಅಲ್ಲಿ ನಾ ಕಲ್ತದ್ದು ಸುಳ್ಳೇನು? ಹೆಸರು ಕೇಳಿ ಮಾರಿ ತಿರುಗಿಸಿದವ್ರು, ನಾಕು ದಿನ ಕೆಲಸ ನೋಡಿ ಸುಮ್ಮನಾದ್ರು. ಕಲಿಸೋರು ಚಲೋ ಇದ್ರ, ಕಲಿಯೋರಿಗೆ ಹಸಿವಿದ್ರ, ಬೋರ್ಡಿನ ಮ್ಯಾಲೆ ಏನ್ ಬರದದ ಅನ್ನೂದು…" ಇಷ್ಟು ಹೇಳಿ ಗಕ್ಕನೆ ನಿಂತರು. "ತಡೀರಿ. ನಾ ಯಾರ ಕಡೆ ಮಾತಾಡ್ಲಿಕತ್ತೀನಿ?"

"ಪರ" ಎಂದರು ಹೆಂಡತಿ, ಹಪ್ಪಳ ಮುರಿಯುತ್ತ.

ಮಗಳಿಗೆ ಅಳುವಿನ ನಡುವೆಯೇ ನಗು ಬಂತು. ಅವರು ಮಾತ್ರ ನಗಲಿಲ್ಲ. "ಚರ್ಚಾದಾಗ ಸಿಕ್ಕಬಿದ್ದೀನಿ ಅಂತ ಸಹಿ ಮಾಡೂದಿಲ್ಲ. ನಾಳೆ ಮುಂಜಾನೆ ಕಣ್ಣಾರೆ ನೋಡ್ತೀನಿ. ಆಮ್ಯಾಲೆ ಹೇಳ್ತೀನಿ" ಎಂದು ಕೂತರು.

ಶುಕ್ರವಾರ ನಡೆದದ್ದನ್ನು ನಾನು ಕಂಡಿಲ್ಲ; ಅವರೇ ಹೇಳಿದ್ದು. ಅರ್ಧ ದಿನ ರಜೆ ಹಾಕಿ, ಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು, ಹಿಂದಿನ ಸೀಟಿನಲ್ಲಿ ತಮ್ಮ ಮನೆಯದೇ ಒಂದು ಕರಿಬೇವಿನ ಕುಂಡಕ್ಕೆ ಬೆಲ್ಟು ಬಿಗಿದು ಹೋಗಿದ್ದಾರೆ. ದೇವರ ಕೋಣೆಯ ಕಿಟಕಿಯಲ್ಲಿದ್ದ ಆ ಗಿಡವನ್ನು ಮಗಳು ಮುಟ್ಟುವಂತಿರಲಿಲ್ಲ. ಅದು ಅಪ್ಪನ ಸ್ವಂತದ್ದು, ಆಸ್ಪತ್ರೆಗೆ ಸೇರದೆ ಸಾಯುತ್ತಿದ್ದ ಊರಿನ ಏಕೈಕ ಗಿಡ. ಗಾಜಿನ ಮನೆಯ ಅಧ್ಯಾಪಕಿಯ ಮುಂದೆ ಅದನ್ನಿಟ್ಟು, ಇದಕ್ಕೇನಾಗಿದೆ ಹೇಳಿ ಎಂದರಂತೆ. ಪರೀಕ್ಷೆ ಕಾಲೇಜಿಗೆ.

ಅಧ್ಯಾಪಕಿ ಹುಡುಗಿಯತ್ತ ತಿರುಗಿ, ನಿನಗೇನನ್ನಿಸುತ್ತದೆ ಎಂದು ಕೇಳಿದರು. ಹುಡುಗಿ ಹೇಳಿದಳು: ನೀರು ಹೆಚ್ಚಾಗಿದೆ. ಚಳಿಗಾಲದಲ್ಲಿ ಗಿಡ ಮಲಗಿರುತ್ತದೆ, ಅಪ್ಪ ದಿನಾ ಸ್ನಾನ ಮಾಡಿ ಬಂದು ಒಂದು ತಂಬಿಗೆ ಸುರಿಯುತ್ತಾರೆ. ಅಧ್ಯಾಪಕಿ ಕುಂಡವನ್ನು ಓರೆಮಾಡಿ ಬೇರನ್ನು ಬಿಡಿಸಿದರು. ಇಬ್ಬರೂ ಅದರ ಮೇಲೆ ಬಾಗಿ, ಕೊಳೆತದ್ದು ಯಾವುದು, ಉಳಿಯುವುದು ಯಾವುದು ಎಂದು ಮಾತಿಗಿಳಿದರು.

"ನಾ ಅಲ್ಲಿ ನಿಂತೀನೋ ಇಲ್ಲೋ ಇಬ್ರಿಗೂ ಖಬರಿರ್ಲಿಲ್ರೀ ಅಕ್ಕಾರ" ಎಂದರು ಅವರು. "ಅಕೀ ಒಂದು ಪ್ರಶ್ನೆ ಕೇಳಿದ್ಲು, ಆ ಟೀಚರು 'ನನಗ ಗೊತ್ತಿಲ್ಲ, ನೋಡೋಣ' ಅಂದ್ರು. ಮಗಳ ಮಾರಿ ನೋಡ್ಬೇಕಿತ್ತು ನೀವು."

ಸಹಿ ಕಾರಿನ ಬಾನೆಟ್ಟಿನ ಮೇಲೆ ಬಿತ್ತು. ವಾರದಲ್ಲಿ ಎರಡು ಮಧ್ಯಾಹ್ನ ಮನೆಯಿಂದ ಕೆಲಸ ಮಾಡಿ ತಾವೇ ಡ್ರೈವ್ ಮಾಡುವುದಾಗಿ ಅವರೇ ಹೇಳಿದರು.

ಜನವರಿಯಿಂದ ಹಾಗೇ ನಡೆಯಿತು. ಹುಡುಗಿ ಗಾಜಿನ ಮನೆಯಲ್ಲಿ, ಅಪ್ಪ ಕಾಲೇಜಿನ ಕೆಫೆಟೇರಿಯಾದಲ್ಲಿ ಲ್ಯಾಪ್‌ಟಾಪ್ ತೆರೆದು. ಹೋಗುವಾಗ ಬರುವಾಗ ಕಾರಿನಲ್ಲಿ ಚರ್ಚೆ. ಮನೆಯಲ್ಲಿ ಏನು ಕೇಳಿದರೂ ಒಂದೇ ಪದದ ಉತ್ತರ ಕೊಡುತ್ತಿದ್ದ ಮಗಳು ಕಾರಿನಲ್ಲಿ ಪೂರ್ತಿ ವಾಕ್ಯ ಮಾತಾಡುತ್ತಾಳಂತೆ.

ವಸಂತದಲ್ಲಿ ಶಾಲಾ ಮಂಡಳಿಯ ಸಭೆಯಲ್ಲಿ ನನ್ನ ಬಸ್ಸಿನ ವಿಷಯ ಮತ್ತೆ ಬಂತು. ಸಾರ್ವಜನಿಕರಿಗೆ ಮೂರು ಮೂರು ನಿಮಿಷ. ನನ್ನ ನಂತರ ಮೈಕಿನ ಬಳಿಗೆ ಹುಡುಗಿಯ ಅಪ್ಪ ನಡೆದಾಗ ನನ್ನ ಬಸ್ಸು ತಪ್ಪಿತೆಂದೇ ಅಂದುಕೊಂಡೆ; ಈ ಮನುಷ್ಯ ಒಂದು ಸಭೆಯಲ್ಲೂ ಒಪ್ಪಿದ್ದನ್ನು ನಾನು ಕಂಡವಳಲ್ಲ. ಅವರು ಗಂಟಲು ಸರಿಮಾಡಿಕೊಂಡು, ತಮಗೆ ಮನೆಯಿಂದ ಕೆಲಸ ಮಾಡುವ ಅನುಕೂಲವಿದೆ, ಅಂಗಡಿಯಲ್ಲೋ ಆಸ್ಪತ್ರೆಯಲ್ಲೋ ದುಡಿಯುವ ತಂದೆತಾಯಿಗೆ ಅದಿಲ್ಲ, ಅವರ ಮಕ್ಕಳೂ ಆ ಗಾಜಿನ ಮನೆಯನ್ನು ನೋಡಬೇಕು, ಆದ್ದರಿಂದ ಬಸ್ಸು ಬೇಕು ಎಂದರು. ಗಂಟೆಗೆ ಮೊದಲೇ ಮುಗಿಸಿದರು. ನಾನು ಹೇಳಬೇಕಾಗಿದ್ದದ್ದು ಅಷ್ಟೇ ಎಂದು ಆಗ ಹೊಳೆಯಿತು.

ಮಂಡಳಿ ಪರಿಶೀಲಿಸುವುದಾಗಿ ಹೇಳಿತು. ಪಾರ್ಕಿಂಗ್ ಲಾಟಿನಲ್ಲಿ ನಾನು ಓಡಿಹೋಗಿ ಅವರ ಕೈ ಕುಲುಕಿದೆ. "ಕೊನೆಗೂ ಪರ ಮಾತಾಡಿದಿರಿ!"

ಅವರು ಸುತ್ತ ನೋಡಿ ದನಿ ತಗ್ಗಿಸಿದರು. "ಮಾತಾಡಿದ್ದು ಖರೇ ಅದ ರೀ. ಆದ್ರ ಆ ಬಸ್ಸು ಇವಳು ಹೈಸ್ಕೂಲ್ ಮುಗಿಸೋತನಕಾ ಬರೂದು ಬ್ಯಾಡ ಅಂತ ದೇವರಿಗೆ ಕೈಮುಗ್ದೀನಿ."

ಕಾರಿನ ಕಿಟಕಿ ಇಳಿಯಿತು. "ಐ ಹರ್ಡ್ ದಟ್, ಡ್ಯಾಡ್" ಎಂದಳು ಹುಡುಗಿ. "ಬಸ್ ಬಂದ್ರೆ ನಾನು ಬಸ್ಸಲ್ಲೇ ಹೋಗೋದು."

"ಅದನ್ನ ಚರ್ಚಾ ಮಾಡೋಣ" ಎಂದು ಅವರು ಲಗುಬಗೆಯಿಂದ ಸ್ಟೀರಿಂಗ್ ಮುಂದೆ ಕೂತರು. ಕಾರು ಹೊರಳಿ ರಸ್ತೆಗಿಳಿಯುವಾಗ, ಒಳಗಿನ ಬೆಳಕಿನಲ್ಲಿ ವಾದದ ಭರಕ್ಕೆ ಇಬ್ಬರ ಕೈಗಳೂ ಒಟ್ಟಿಗೇ ಆಡುತ್ತಿದ್ದವು.