ಹೆರಿಗೆ ವಾರ್ಡು ಮುಚ್ಚಿದ ಮೇಲೆ

ಭಾನುವಾರ ಬೆಳಿಗ್ಗೆ ನ್ಯೂಜೆರ್ಸಿಯ ಪ್ಲೇನ್ಸ್‌ಬರೋದ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದುವುದು ನನಗೊಂದು ನೆಮ್ಮದಿ. ಬಾಗಲಕೋಟೆಯಲ್ಲಿ ರೊಟ್ಟಿ ಬಡಿಯಲು ಕಲಿತ ಕೈ, ಆಮೇಲೆ ಎಷ್ಟೋ ಕೂಸುಗಳನ್ನು ಈ ಲೋಕಕ್ಕೆ ಬರಮಾಡಿಕೊಂಡರೂ, ಹಿಟ್ಟಿನ ಹದವನ್ನು ಇನ್ನೂ ಮರೆತಿಲ್ಲ. ಕಳೆದ ಚಳಿಗಾಲದ ಅಂಥದೊಂದು ಬೆಳಿಗ್ಗೆ ಫೋನು ಬಂತು.

ಆ ಫೋನಿನ ಸಂಗತಿ ನಿಮಗೆ ಅರ್ಥವಾಗಬೇಕಾದರೆ, ಮಿತ್ರರೇ, ನನ್ನ ಕಥೆಯನ್ನು ತುಸು ಹೇಳಬೇಕು. ನಾನು ಹೆರಿಗೆ ಡಾಕ್ಟರು. ಬೇರೆ ಡಾಕ್ಟರುಗಳು ಹೋಗಲೊಲ್ಲದ ಊರಿನಲ್ಲಿ ಮೂರು ವರ್ಷ ದುಡಿಯಬೇಕೆಂಬ ವೀಸಾದ ಕರಾರಿಗೆ ಕಟ್ಟುಬಿದ್ದು ಅಮೆರಿಕದ ಅಪಲೇಷಿಯಾ ಬೆಟ್ಟಗಳ ನಡುವಿನ ಪುಟ್ಟ ಆಸ್ಪತ್ರೆಗೆ ಹೋದವಳು, ಅಲ್ಲಿನವರ ಅಕ್ಕರೆಗೆ ಸಿಕ್ಕಿ ಒಂಬತ್ತು ವರ್ಷ ಉಳಿದೆ. ಕಲ್ಲಿದ್ದಲ ಗಣಿಗಳು ಮುಚ್ಚಿ ಊರು ಬಡವಾಗಿತ್ತು. ಶೈಲಜಾ ಎನ್ನಲು ನಾಲಿಗೆ ಹೊರಳದೆ ನನ್ನನ್ನು 'ಡಾಕ್ಟರ್ ಶೈ' ಎಂದು ಕರೆಯುತ್ತಿದ್ದ ಆ ಹೆಂಗಸರು, ತಮ್ಮ ಹಿತ್ತಿಲ ಬೀನ್ಸನ್ನು ಬೇಯಿಸಿ ಗಾಜಿನ ಬಾಟಲಿಗಳಲ್ಲಿ ತುಂಬಿ ತಂದುಕೊಡುತ್ತಿದ್ದರು. ಮಗಳು ಅನು ದೊಡ್ಡವಳಾದಳು, ಒಳ್ಳೆಯ ಶಾಲೆ ಬೇಕೆನ್ನಿಸಿತು, ನಾವು ನ್ಯೂಜೆರ್ಸಿಗೆ ಬಂದೆವು. ನನ್ನ ಜಾಗಕ್ಕೆ ಯಾರೂ ಹೋಗಲಿಲ್ಲ. ವರ್ಷದೊಳಗೆ ಅಲ್ಲಿನ ಹೆರಿಗೆ ವಾರ್ಡಿಗೆ ಬೀಗ ಬಿತ್ತು. ಆ ಸುದ್ದಿ ಓದಿ, ನಿಟ್ಟುಸಿರು ಬಿಟ್ಟು, ನಾನು ಎಂದಿನಂತೆ ಡ್ಯೂಟಿಗೆ ಹೋಗಿದ್ದೆ.

ಫೋನಿನಲ್ಲಿದ್ದವಳು ಆ ಊರಿನ ಟ್ಯಾಮಿ. ಅವಳ ಮೊದಲ ಹೆರಿಗೆ ಮಾಡಿಸಿದವಳು ನಾನೇ. ಎರಡನೆಯದಕ್ಕೆ ನೋವು ಶುರುವಾದಾಗ ಹತ್ತಿರದ ಹೆರಿಗೆ ಆಸ್ಪತ್ರೆಯೆಂದರೆ ಒಂದೂವರೆ ಗಂಟೆಯ ಬೆಟ್ಟದ ದಾರಿ. ಕೂಸು ಕಾಲು ಮುಂದಾಗಿ ಬಂತು, ಕಾರಿನಲ್ಲೇ. ಉಳಿಯಲಿಲ್ಲ.

"ನೀವು ಇದ್ದಿದ್ರೆ ಬದುಕ್ತಿತ್ತಾ, ಡಾಕ್ಟರ್ ಶೈ? ಯಾರಿದ್ರೂ ಅಷ್ಟೇ ಅಂತಾರೆ ಎಲ್ಲರೂ. ನೀವು ನನಗೆ ಸುಳ್ಳು ಹೇಳಿದವರಲ್ಲ."

ಸಂತೈಸುವ ಮಾತುಗಳು ಎಷ್ಟೋ ಗೊತ್ತಿದ್ದವು. ಅವನ್ನೆಲ್ಲ ಬದಿಗಿಟ್ಟೆ.

"ಬಹುಶಃ ಬದುಕ್ತಿತ್ತು," ಎಂದೆ. "ಆಪರೇಷನ್ ಮಾಡಿ ತೆಗೀತಿದ್ದೆ."

ಅವಳು ಮೆಲ್ಲಗೆ ಕೇಳಿದಳು: "ಹಾಗಾದ್ರೆ ನಾನು ಮನೆಯಿಂದ ತಡವಾಗಿ ಹೊರಟೆ ಅಂತ ಅಲ್ಲ, ಅಲ್ವಾ?"

"ಅಲ್ಲಮ್ಮಾ. ನೀನು ತಡ ಮಾಡಲಿಲ್ಲ. ಆಸ್ಪತ್ರೆನೇ ನಿನ್ನಿಂದ ದೂರ ಹೋಯ್ತು."

ಅವಳು ಅತ್ತಳು, ಅಷ್ಟು ದಿನ ಅಳುವುದಕ್ಕೂ ತನಗೆ ಹಕ್ಕಿಲ್ಲವೆಂದುಕೊಂಡವಳಂತೆ ಅತ್ತಳು. ಅಳು ಮುಗಿದ ಮೇಲೆ "ಥ್ಯಾಂಕ್ ಯು" ಎಂದು ಫೋನಿಟ್ಟಳು.

ಅನು ಬಾಗಿಲಲ್ಲಿ ನಿಂತಿದ್ದಳು. "ಅಮ್ಮಾ, ಆರ್ ಯು ಕ್ರೈಯಿಂಗ್?"

ಅವಳ ಹಿಂದೆಯೇ ಬಂದ ನನ್ನ ಗಂಡ ಎಲ್ಲ ಕೇಳಿಕೊಂಡು ನನ್ನ ಹೆಗಲ ಮೇಲೆ ಕೈಯಿಟ್ಟ. "ಇದ್ರಾಗ ನಿಂದೇನೈತಿ ತಪ್ಪು? ನಾವು ಅನು ಸಲುವಾಗಿ ಬಂದೀವಿ."

ಕನ್ನಡದಲ್ಲಿ ಉತ್ತರಿಸದಿದ್ದರೂ ಅನುವಿಗೆ ಕನ್ನಡವೆಲ್ಲ ಅರ್ಥವಾಗುತ್ತದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅವನ ಮಾತಿಗೆ ಹೌದೆಂದರೆ ಟ್ಯಾಮಿಗೆ ಹೇಳಿದ ನಿಜವನ್ನು ನುಂಗಿದಂತೆ, ಅಲ್ಲವೆಂದರೆ ಆ ಕೂಸಿನ ಭಾರವನ್ನು ಅನುವಿನ ಹೆಗಲಿಗೆ ಹೊರಿಸಿದಂತೆ.