ಟೇಪಕ್ಕ ಕೊಟ್ಟ ಮೊಲ

ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಆಕೆಗೆ ಟೇಪಕ್ಕ ಎಂಬ ಹೆಸರು ಬಿದ್ದಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ಶಾಲೆಯ ಸಮವಸ್ತ್ರದ ರಾಶಿ. ಹಿಂದಿನ ವರಾಂಡದಲ್ಲಿ ಮೊಲಗಳು. ಸಮವಸ್ತ್ರ ಹೊಟ್ಟೆಪಾಡು, ಮೊಲ ಆಕೆಯ ಹೆಮ್ಮೆ. ಆ ಹೆಮ್ಮೆ ಕೊಂಚ ಜಾಸ್ತಿಯೇ ಎನ್ನುವವರೂ ಇದ್ದರು. ಅನ್ನಲಿ ಬಿಡಿ, ಕೆಲಸ ಬಲ್ಲವರಿಗೆ ಅಷ್ಟು ಜಂಬ ಇರದಿದ್ದರೆ ಇನ್ಯಾರಿಗಿರಬೇಕು?

ಮೊಲ ಬೇಕೆಂದು ಬಂದವರಿಗೆ ಟೇಪಕ್ಕ ಮರಿಯನ್ನು ತೋರಿಸುತ್ತಲೇ ಇರಲಿಲ್ಲ. ಮೊದಲು ಅವರ ಮನೆಗೆ ಹೋಗಿ ಗೂಡು ಅಳೆಯುತ್ತಿದ್ದಳು. ಮೊಲ ಮೂರು ಸಲ ಕುಪ್ಪಳಿಸುವಷ್ಟು ಉದ್ದವಿರಬೇಕು, ಹಿಂಗಾಲ ಮೇಲೆ ಎದ್ದು ನಿಂತರೆ ಕಿವಿ ಮೇಲೆ ತಗಲಬಾರದು. ತಂತಿಬಲೆಯ ನೆಲ ಕಂಡರಂತೂ ಕೆಂಡವಾಗುತ್ತಿದ್ದಳು.

“ನೀವು ಒಂದಿನ ಬರಿಗಾಲಲ್ಲಿ ಇದ್ರ ಮೇಲೆ ನಿಂತ್ಕೊಳ್ಳಿ. ಆಮೇಲೆ ಮಾತಾಡೋಣ.”

ಮೊಲಕ್ಕೆ ಒಂಟಿತನ ಆಗದು ಎಂದು ಜೋಡಿಯನ್ನೇ ಕೊಡುತ್ತಿದ್ದಳು, ಅದೂ ಎರಡೂ ಹೆಣ್ಣು. ಮರಿಗಾಗಿ ಕಾದಿರುವ ಮನೆಗಳು ಸಾಲದಿದ್ದರೆ ಆ ವರ್ಷ ಗಂಡನ್ನು ಹೆಣ್ಣಿನ ಹತ್ತಿರ ಬಿಡುತ್ತಲೇ ಇರಲಿಲ್ಲ. ಜನ ನಗುತ್ತಿದ್ದರು, ನಗುತ್ತಲೇ ಬಡಗಿಯನ್ನು ಕರೆಸಿ ಗೂಡು ದೊಡ್ಡದು ಮಾಡಿಸುತ್ತಿದ್ದರು.

ಒಂದು ವರ್ಷದ ಸೂಲಿನಲ್ಲಿ ನಾಲ್ಕು ಮರಿ. ಒಂಬತ್ತು ವಾರ ತುಂಬಿದಾಗ ಒಂದೊಂದನ್ನೂ ಮಡಿಲಲ್ಲಿ ಅಂಗಾತ ಮಲಗಿಸಿ, ಬಾಲದ ಬುಡ ನೋಡಿ, ನಾಲ್ಕೂ ಹೆಣ್ಣೆಂದು ತೀರ್ಪು ಕೊಟ್ಟಳು. ಬಸ್ಸು ಓಡಿಸುವ ಗಂಡ ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದ.

“ಈ ಬೂದು ಬಣ್ಣದ್ದು ಯಾಕೋ ಅನುಮಾನ ಕಣೇ. ಇನ್ನೊಂದೆರಡು ವಾರ ಬಿಟ್ಟು ನೋಡು.”

“ಇಪ್ಪತ್ತು ವರ್ಷದಿಂದ ನೋಡ್ತಿದೀನಿ. ನಿಮ್ಮ ಅನುಮಾನ ನಿಮ್ಮ ಹತ್ರಾನೇ ಇಟ್ಕೊಳ್ಳಿ.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದು ಬೇರೆಯವರಿಗೆ ಗಾದೆ, ಆ ಮನೆಯಲ್ಲಿ ದಿನನಿತ್ಯದ ಸಂಗತಿ. ಎರಡು ಮರಿ ಆಸ್ಪತ್ರೆಯ ನರ್ಸಮ್ಮನಿಗೆ ಹೋದವು, ಎರಡು ನಿವೃತ್ತ ಡ್ರಾಯಿಂಗ್ ಮೇಷ್ಟ್ರಿಗೆ.

ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ನರ್ಸಮ್ಮನ ಫೋನು ಬಂತು. “ಅಕ್ಕಾ, ನಿಮ್ಮ ಅಕ್ಕತಂಗೀರಲ್ಲಿ ಒಬ್ಳು ಹೆತ್ತಿದಾಳೆ.”

ಮಾರನೆಯ ದಿನ ಶಾಲೆ ಶುರು. ನಲವತ್ತು ಅಂಗಿಗೆ ಗುಂಡಿ ಹಾಕುವುದು ಬಾಕಿ. ಟೇಪಕ್ಕ ಯಂತ್ರವನ್ನು ಅಲ್ಲೇ ಬಿಟ್ಟು, ಬುಟ್ಟಿ ಹಿಡಿದು ಓಡಿದಳು. ನರ್ಸಮ್ಮನ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಗೂಡು ಚೊಕ್ಕಟವಾಗಿತ್ತು. ಅಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ, ತನ್ನದೊಂದನ್ನು ಬಿಟ್ಟು. ಹೆತ್ತ ದಿನವೇ ಮತ್ತೆ ಗಬ್ಬವಾಗುವ ಜಾತಿ ಅದು. ಹಾಗಾಗಿ ಮೊದಲು ಬೂದು ಮೊಲವನ್ನು ಎತ್ತಿ ಬುಟ್ಟಿಗೆ ಹಾಕಿದಳು. ಮೂರು ಮರಿ ಹುಲ್ಲಿನೊಳಗೆ ಬೆಚ್ಚಗಿದ್ದವು. ಇನ್ನೆರಡು ಬರಿಯ ಹಲಗೆಯ ಮೇಲೆ ತಣ್ಣಗೆ ಬಿದ್ದಿದ್ದವು, ಕೂದಲಿಲ್ಲ, ಕಣ್ಣು ತೆರೆದಿಲ್ಲ. ಪಾಪ, ತಾಯಿಯೇ ಇನ್ನೂ ಎಳೆಯದು, ಅದಕ್ಕೇನು ಗೊತ್ತು! ಟೇಪಕ್ಕ ಎರಡನ್ನೂ ರವಿಕೆಯೊಳಗೆ ಎದೆಗೆ ಒತ್ತಿಕೊಂಡು ನೆಲದ ಮೇಲೆ ಕುಳಿತಳು.

ಅರ್ಧ ಗಂಟೆಗೆ ಒಂದು ಮಿಸುಕಿತು. ಇನ್ನೊಂದು ಮಿಸುಕಲಿಲ್ಲ.

“ನನ್ನ ಜಂಬಕ್ಕೆ ಸತ್ತಿತು ಇದು,” ಎಂದು ಟೇಪಕ್ಕ ಬಿಕ್ಕಿ ಬಿಕ್ಕಿ ಅತ್ತಳು.

ನರ್ಸಮ್ಮ ನೀರು ತಂದುಕೊಟ್ಟಳು. “ನಾಲ್ಕು ಉಳ್ಕೊಂಡ್ವಲ್ಲ ಅಕ್ಕಾ. ನಾನಂತೂ ಯಾರ ಹತ್ರಾನೂ ಬಾಯಿ ಬಿಡಲ್ಲ.”

ಟೇಪಕ್ಕ ಮುಖ ಒರೆಸಿಕೊಂಡಳು. ಗುಟ್ಟು ಅಲ್ಲಿಗೇ ಮುಗಿಯಬಹುದಿತ್ತು. ಟೇಪಕ್ಕ ಕೊಟ್ಟ ಮೊಲ ಎಂದರೆ ಜನ ಎರಡನೇ ಮಾತಾಡುತ್ತಿರಲಿಲ್ಲ. ಇಪ್ಪತ್ತು ವರ್ಷ ದುಡಿದು ಗಳಿಸಿದ ಹೆಸರು ಅದು. ಆದರೆ ಅದೇ ಸೂಲಿನ ಇನ್ನೆರಡು ಮೇಷ್ಟ್ರ ಮನೆಯಲ್ಲಿದ್ದವು. ಮೇಷ್ಟ್ರೋ, ಸಿಕ್ಕಸಿಕ್ಕವರಿಗೆಲ್ಲ ಆಕೆಯನ್ನು ಹೊಗಳುತ್ತಾ ತಿರುಗುವ ಮನುಷ್ಯ.

“ನೀವು ಬಾಯಿ ಬಿಡ್ಬೇಡಿ,” ಎಂದಳು. “ನಾನೇ ಬಿಡ್ತೀನಿ.”

ಅಲ್ಲಿಂದ ಸೀದಾ ಮೇಷ್ಟ್ರ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು, ಸತ್ತ ಮರಿಯ ಸಂಗತಿಯೂ ಸೇರಿ ಎಲ್ಲವನ್ನೂ ಹೇಳಿದಳು. ಅವರ ಎರಡೂ ಮೊಲಗಳನ್ನು ಮಡಿಲಿಗೆ ಹಾಕಿಕೊಂಡು ನೋಡಿದಳು. ಮತ್ತೊಮ್ಮೆ ನೋಡಿದಳು. ಎರಡೂ ಹೆಣ್ಣೇ.

“ಹಾಗಾದ್ರೆ ನೀವು ಹೇಳ್ದೇ ಇದ್ದಿದ್ರೂ ನಡೀತಿತ್ತಲ್ಲ?” ಎಂದರು ಮೇಷ್ಟ್ರು.

“ಬಂದು ನೋಡ್ದೆ ಅದು ಹೇಗೆ ಗೊತ್ತಾಗ್ತಿತ್ತು ಮೇಷ್ಟ್ರೇ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ತಮ್ಮ ತಂಗಿಗೂ ಒಂದು ಜೋಡಿ ಬೇಕಿತ್ತು, ಎಷ್ಟು ದಿನವಾದರೂ ಕಾಯುತ್ತಾಳೆ ಎಂದರು. ಟೇಪಕ್ಕ ಈ ವರ್ಷ ಬೇರೆ ಮರಿ ಮಾಡಿಸುವುದಿಲ್ಲವೆಂದೂ, ಇನ್ನು ಮುಂದೆ ಹನ್ನೆರಡು ವಾರ ತುಂಬಿ, ಎರಡು ಜೋಡಿ ಕಣ್ಣು ನೋಡದೆ ಯಾವ ಮರಿಯೂ ಮನೆ ಬಿಡುವುದಿಲ್ಲವೆಂದೂ ಹೇಳಿ ಎದ್ದಳು.

ಸಂಜೆ ಮನೆಗೆ ಬಂದರೆ ಗಂಡ ಯಂತ್ರದ ಪಕ್ಕ ಕುಳಿತು ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದ. ಒಂದೂ ಸಾಲಾಗಿರಲಿಲ್ಲ. ಟೇಪಕ್ಕ ಬೂದು ಗಂಡು ಮೊಲವನ್ನು ಬೇರೆ ಗೂಡಿಗೆ ಬಿಟ್ಟು, ಕೈ ತೊಳೆದು ಬಂದು, ನಡೆದದ್ದನ್ನೆಲ್ಲ ಒಪ್ಪಿಸಿದಳು. ‘ನಾನು ಆವತ್ತೇ ಹೇಳಿರಲಿಲ್ವಾ’ ಎಂಬ ಮಾತು ಬಂದೇ ಬರುತ್ತದೆಂದು ಕಾದಳು. ಆತ ಹಲ್ಲಲ್ಲಿ ದಾರ ಕಡಿದ.

“ನಾನಾಗಿದ್ರೆ ಮೇಷ್ಟ್ರ ಮನೆಗೆ ಹೋಗ್ತಿರ್ಲಿಲ್ಲ ಕಣೇ,” ಎಂದ.

“ಗೊತ್ತು,” ಎಂದಳು ಟೇಪಕ್ಕ. ಆತ ಹೊಲಿದಿದ್ದ ಗುಂಡಿಗಳನ್ನೆಲ್ಲ ಬಿಚ್ಚಲು ಕುಳಿತಳು.